ನೂರಿಪ್ಪತ್ತನೆಯ ಅಕ್ಷರ

ದಿನನಿತ್ಯದ ಸಣ್ಣಪುಟ್ಟ ಪ್ರಸಂಗಗಳನ್ನು ಬರೆಯುವ ಚಟ ಹತ್ತಿದವನಿಗೆ ಎಲ್ಲವೂ ಸುಸೂತ್ರವಾಗಿ ನಡೆದ ದಿನವೆಂದರೆ ದಂಡ. ಬಸ್ಸು ಸಮಯಕ್ಕೆ ಬಂದು, ಕೊಡೆ ಎಲ್ಲೂ ಉಳಿಯದೆ ಮನೆಗೆ ಮರಳಿ, ಕರೆಂಟೂ ಹೋಗದೆ ಕಳೆದ ದಿನದಿಂದ ಒಂದು ಪ್ಯಾರಾ ಕೂಡ ಹುಟ್ಟುವುದಿಲ್ಲ. ಆದ್ದರಿಂದ ನಮ್ಮಂಥವರು ಒಳಗೊಳಗೇ ಅವಘಡಗಳ ದಾರಿ ಕಾಯುತ್ತಿರುತ್ತೇವೆ. ದೊಡ್ಡವು ಬೇಡ, ಆಸ್ಪತ್ರೆಗೆ ಹೋಗುವಂಥವು ಬೇಡವೇ ಬೇಡ. ಬಟ್ಟೆ ಒದ್ದೆಯಾಗಿ ಮಾನ ಅರ್ಧ ಹೋಗುವಂಥದ್ದು ಒಂದಿದ್ದರೆ ಸಾಕು.

ಈ ಸಂಗತಿ ಗೊತ್ತಾದ ಮೇಲೆ ಮನೆಯವರ ಮಾತು ತಾನಾಗಿಯೇ ಕಡಿಮೆಯಾಗುತ್ತದೆ. ಮಗಳು ಶಾಲೆಯ ಸುದ್ದಿ ಹೇಳುವ ಮುಂಚೆ "ಅಪ್ಪಾ, ಇದು ಬರೆಯುವುದಕ್ಕಲ್ಲ" ಎಂದು ಪೀಠಿಕೆ ಹಾಕುತ್ತಾಳೆ, ಮಂತ್ರಿಗಳು ಪತ್ರಕರ್ತರ ಬಳಿ ಹೇಳುವ ಧಾಟಿಯಲ್ಲಿ. ಹೆಂಡತಿಯ ಉಪಾಯವೇ ಬೇರೆ. ಅವಳು ಜಾರಿ ಬಿದ್ದರೂ ಸದ್ದಾಗದಂತೆ ಬೀಳುತ್ತಾಳೆ.

ಹೀಗೆ ಸರಕಿಲ್ಲದೆ ಒಣಗುತ್ತಿದ್ದ ಒಂದು ಬೆಳಿಗ್ಗೆ ಬಚ್ಚಲುಮನೆಯ ನಲ್ಲಿ ತಿರುಗಿಸಿದರೆ ಅದರ ತಲೆಯೇ ಕೈಗೆ ಬಂತು. ಮೈತುಂಬ ಸೋಪು, ಕಣ್ಣು ಬಿಡುವ ಹಾಗಿಲ್ಲ. ನೀರು ನೇರ ಎದೆಗೆ ಅಪ್ಪಳಿಸಿ, ಅಲ್ಲಿಂದ ಬಾಗಿಲ ಸಂದಿ ಹುಡುಕಿಕೊಂಡು ನಡುಮನೆಯತ್ತ ಹೊರಟಿತ್ತು. ಬೇರೆಯವರಾದರೆ ಕೂಗಿಕೊಳ್ಳುತ್ತಿದ್ದರು. ನಾನು ಹೆಬ್ಬೆರಳನ್ನು ತೂತಿಗೆ ಒತ್ತಿ ಹಿಡಿದು ಮೊದಲ ವಾಕ್ಯವನ್ನು ತಿದ್ದುತ್ತಿದ್ದೆ. ತಲೆ 'ಕಿತ್ತು' ಬಂದಾಗ ಎನ್ನಲೋ, 'ಕಳಚಿ' ಬಂದಾಗ ಎನ್ನಲೋ? ಕಿತ್ತು ಎಂದರೆ ನನ್ನ ಬಲ ಕಾಣಿಸುತ್ತದೆ, ಕಳಚಿ ಎಂದರೆ ನನ್ನ ಮುಗ್ಧತೆ. ಮುಗ್ಧತೆಯೇ ಇರಲಿ ಎಂದುಕೊಳ್ಳುವಷ್ಟರಲ್ಲಿ ಹೆಬ್ಬೆರಳ ಎರಡೂ ಬದಿಯಿಂದ ನೀರು ಕಾರಂಜಿಯಂತೆ ಚಿಮ್ಮಿ ಗೂಡಿನಲ್ಲಿದ್ದ ಹಲ್ಲುಜ್ಜುವ ಬ್ರಷ್ಷುಗಳೆಲ್ಲ ಉರುಳಿದವು. ಹೊರಗಿನಿಂದ ಹೆಂಡತಿ ಕೂಗಿದಳು, "ಗೇಟ್‌ವಾಲ್ವ್ ಎಲ್ಲಿದೆ?"

"ಒಂದು ನಿಮಿಷ, ವಾಕ್ಯ ಬರುತ್ತಿದೆ" ಎಂದೆ.

"ಮೊದಲು ನೀರು ನಿಲ್ಲಲಿ. ವಾಕ್ಯವನ್ನು ಆಮೇಲೆ ಮಾಡಿಕೊಳ್ಳುವಿರಂತೆ."

ಅವಳೇ ಮಾಳಿಗೆ ಹತ್ತಿ, ತೊಟ್ಟಿಯ ಹಿಂದೆ ಕೈ ಹಾಕಿ, ತುಕ್ಕು ಹಿಡಿದ ವಾಲ್ವನ್ನು ತಿರುಗಿಸಿ ಬಂದಳು. ಗಂಡಾಂತರ ಅಲ್ಲಿಗೆ ಮುಗಿಯಿತೆಂದು ಅವಳು ತಿಳಿದಳು. ಅಸಲಿಗೆ ಅದು ಶುರುವಾಗಿದ್ದು ಮಧ್ಯಾಹ್ನ, ನಾನು ಬರೆದು ಮುಗಿಸಿದ ಮೇಲೆ.

ಪತ್ರಿಕೆಗೆ ಕಳಿಸುವ ಕಾಲದಲ್ಲಿ ಬರೆದು ಮುಗಿಸಿದರೆ ಮುಗಿಯಿತು. ಲಕೋಟೆಗೆ ಅಂಟು ಹಚ್ಚಿದರೆ ಮಿಕ್ಕದ್ದು ಸಂಪಾದಕರ ಹಣೆಬರಹ. ಸ್ವಂತ ಜಾಲತಾಣ ಇಟ್ಟುಕೊಂಡವನಿಗೆ ಆ ಸುಖವಿಲ್ಲ. 1991ರಲ್ಲಿ ಟಿಮ್ ಬರ್ನರ್ಸ್-ಲೀ ಯುರೋಪಿನ ಸರ್ನ್ ಭೌತವಿಜ್ಞಾನ ಪ್ರಯೋಗಾಲಯದಿಂದ ಲೋಕಕ್ಕೆ ತೆರೆದಿಟ್ಟ ಮೊದಲ ಜಾಲತಾಣದಲ್ಲಿ ಅಕ್ಷರಗಳು ಮತ್ತು ಕೊಂಡಿಗಳು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಆ ಪುಣ್ಯಾತ್ಮರಿಗೆ ಬರೆಯುವುದಕ್ಕೆ ಸಮಯ ಸಿಕ್ಕಿದ್ದು ಅದರಿಂದಲೇ ಇರಬೇಕು. 1996ರ ಡಿಸೆಂಬರಿನಲ್ಲಿ ಸಿಎಸ್‌ಎಸ್ ಎಂಬ, ಪುಟದ ಬಣ್ಣ ಅಂಚು ಅಳತೆಗಳನ್ನು ನಿಶ್ಚಯಿಸುವ ಅಲಂಕಾರಶಾಸ್ತ್ರಕ್ಕೆ ಅಧಿಕೃತ ಮುದ್ರೆ ಬಿತ್ತು. ಶಬ್ದಾಲಂಕಾರ, ಅರ್ಥಾಲಂಕಾರಗಳ ಜೊತೆಗೆ ಅಂಚಲಂಕಾರವೂ ಬಂತು. ಅಂದಿನಿಂದ ಬರೆಯುವವರ ಸಂಜೆಗಳು ಪರದೆಯ ಚುಕ್ಕಿಗಳಾದ ಪಿಕ್ಸೆಲ್‌ಗಳ ಪಾಲು.

ಬಣ್ಣವನ್ನೇ ನೋಡಿ. ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಹಂತಗಳು. ಒಟ್ಟು 1,67,77,216 ಬಣ್ಣಗಳು. ಶೀರ್ಷಿಕೆಗೆ ಒಂದನ್ನು ಆರಿಸಿ, ಅದು ಬೇಡವೆನ್ನಿಸಿ, ಪಕ್ಕದ್ದನ್ನು ಆರಿಸಿ, ಹೆಂಡತಿಯನ್ನು ಕರೆದು ತೋರಿಸಿದೆ. "ಎರಡೂ ನೀಲಿ" ಎಂದಳು. ಒಂದು ಕೋಟಿ ಅರವತ್ತೇಳು ಲಕ್ಷ ಚಿಲ್ಲರೆ ಬಣ್ಣಗಳನ್ನು ಅವಳು ಏಳೆಂಟರಲ್ಲಿ ಮುಗಿಸಿಬಿಡುತ್ತಾಳೆ.

ಬಣ್ಣ ಹಚ್ಚಿದ ಶೀರ್ಷಿಕೆ 'ನಲ್ಲಿ ಮತ್ತು ನಾನು' ಎಂದಿತ್ತು. ಪರದೆಯ ಮೇಲೆ ಮೂಡಿದ್ದು 'ನಲಿ ಮತು ನಾನು'. ಕಾರಣ ಸರಳ. ಜಾಲತಾಣಕ್ಕೆಂದು ನಾನು ತಂದುಕೊಂಡ ಥೀಮನ್ನು, ಅಂದರೆ ಸಿದ್ಧ ವಿನ್ಯಾಸವನ್ನು, ಮಾಡಿದವರು ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಸಾಲನ್ನು ಅಳೆದು, ಅದರಾಚೆಗೆ ಚಾಚಿದ್ದನ್ನೆಲ್ಲ ಮರೆಮಾಡಿದ್ದರು. ಒತ್ತಕ್ಷರಗಳ ಸಂಸಾರ ನಡೆಯುವುದೇ ಕೆಳಗಿನ ಮಹಡಿಯಲ್ಲಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಸಾಲಿನ ಎತ್ತರ ಹೆಚ್ಚಿಸಿದೆ, ಒತ್ತುಗಳು ಬಂದವು. ಆದರೆ ಪಕ್ಕದ ಪಟ್ಟಿ ಜಾರಿ ಪುಟದ ತಳಕ್ಕೆ ಬಿತ್ತು. ಪಟ್ಟಿಯನ್ನು ಎತ್ತಿ ಕೂರಿಸಿದರೆ ಶೀರ್ಷಿಕೆ ಎರಡು ಪಿಕ್ಸೆಲ್ ಎಡಕ್ಕೆ ಸರಿಯಿತು. ಎರಡು ಪಿಕ್ಸೆಲ್ ಯಾರಿಗೂ ಕಾಣುವುದಿಲ್ಲ, ಮಾಡಿದವನಿಗೆ ಮಾತ್ರ ಬೇರೇನೂ ಕಾಣುವುದಿಲ್ಲ. ರಾತ್ರಿಯ ಹೊತ್ತಿಗೆ ಎಲ್ಲ ನೆಟ್ಟಗಾಯಿತು. ಪ್ರಕಟಿಸಿ, ಬಂಧುಗಳ ಮೊಬೈಲ್ ಗುಂಪಿಗೆ ಕೊಂಡಿ ಕಳಿಸಿ ಮಲಗಿದೆ.

ಬರಹದ ಮೊದಲ ಎರಡು ವಾಕ್ಯಗಳು ಹೀಗಿದ್ದವು: "ನಲ್ಲಿಯ ತಲೆ ಕಳಚಿ ಕೈಗೆ ಬಂದಾಗ ನಾನು ಸೋಪಿನಲ್ಲಿದ್ದೆ. ಹಿಂದಿನ ರಾತ್ರಿ ಅದನ್ನು ಬಲವಾಗಿ ತಿರುಗಿಸಿದ್ದು ಯಾರೇ ಇರಲಿ, ಹೆಂಡತಿಯ ಮೇಲೆ ನನಗೆ ಕೋಪವಿಲ್ಲ." ಉದಾರ ಮನಸ್ಸಿನ ಮಾತು. ಬೇಕೆಂದೇ ಆರಂಭದಲ್ಲಿ ಇಟ್ಟಿದ್ದೆ.

ಮುಖಪುಟದಲ್ಲಿ ಬರಹದ ಆರಂಭದ ತುಣುಕೊಂದನ್ನು ತೋರಿಸಿ 'ಮುಂದೆ ಓದಿ' ಎನ್ನುವ ಏರ್ಪಾಡು ಜಾಲತಾಣದಲ್ಲಿರುತ್ತದೆ. ಆ ತುಣುಕನ್ನು ಥೀಮ್ ತಾನೇ ಕತ್ತರಿಸುತ್ತದೆ, ನೂರಿಪ್ಪತ್ತು ಅಕ್ಷರಕ್ಕೆ ಸರಿಯಾಗಿ. ಅದರ ಲೆಕ್ಕದ ಅಕ್ಷರ ನಮ್ಮ ಕಾಗುಣಿತದ ಅಕ್ಷರವಲ್ಲ. 1991ರಲ್ಲಿ, ಲೋಕದ ಲಿಪಿಗಳ ಒಂದೊಂದು ಚಿಹ್ನೆಗೂ ಸಂಖ್ಯೆ ಕೊಡುವ ಯೂನಿಕೋಡ್‌ನ ಮೊದಲ ಆವೃತ್ತಿ ಬಂದಾಗಿನಿಂದ ಕನ್ನಡಕ್ಕೆಂದು 128 ಸ್ಥಾನಗಳ ಒಂದು ಕೇರಿ ಮೀಸಲಾಗಿದೆ. ಅಲ್ಲಿ 'ಕ' ಒಂದು ಮನೆಯಲ್ಲಿ, ಅದರ ಓತ್ವ ಇನ್ನೊಂದು ಮನೆಯಲ್ಲಿ. 'ಲ್ಲಿ' ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವುದು ಯಂತ್ರಕ್ಕೆ ಲ, ಅರ್ಧಾಕ್ಷರದ ಚಿಹ್ನೆ, ಮತ್ತೊಂದು ಲ, ಗುಡಿಸು ಎಂದು ನಾಲ್ಕು. ಖಾಲಿ ಜಾಗ, ಅಲ್ಪವಿರಾಮಗಳೂ ಲೆಕ್ಕಕ್ಕೆ ಸೇರುತ್ತವೆ. ಹೀಗೆ ಎಣಿಸುತ್ತ ಬಂದ ಯಂತ್ರಕ್ಕೆ ನೂರಿಪ್ಪತ್ತನೆಯದಾಗಿ ಸಿಕ್ಕಿದ್ದು ಒಂದು 'ಪ'. ಅಲ್ಲಿಗೆ ಕತ್ತರಿ ಆಡಿಸಿ, ಮೂರು ಚುಕ್ಕಿ ಇಟ್ಟು ಕೈತೊಳೆದುಕೊಂಡಿತು:

"ನಲ್ಲಿಯ ತಲೆ ಕಳಚಿ ಕೈಗೆ ಬಂದಾಗ ನಾನು ಸೋಪಿನಲ್ಲಿದ್ದೆ. ಹಿಂದಿನ ರಾತ್ರಿ ಅದನ್ನು ಬಲವಾಗಿ ತಿರುಗಿಸಿದ್ದು ಯಾರೇ ಇರಲಿ, ಹೆಂಡತಿಯ ಮೇಲೆ ನನಗೆ ಕೋಪ… ಮುಂದೆ ಓದಿ."

ನಂಬದವರು ಎಣಿಸಿ ನೋಡಬಹುದು. ನಾನು ಎಣಿಸಿದ್ದೇನೆ, ಬೇರೆ ದಾರಿಯಿರಲಿಲ್ಲ.

ಇಂಗ್ಲಿಷಿನವರಿಗೆ ಈ ಗಂಡಾಂತರ ಅಷ್ಟಾಗಿ ಇಲ್ಲ. ಅವರು 'ಇಲ್ಲ' ಎನ್ನುವುದನ್ನು ಸಾಮಾನ್ಯವಾಗಿ ಮೊದಲೇ ಹೇಳಿ ಮುಗಿಸಿರುತ್ತಾರೆ. ನಾವು ಇಡೀ ವಾಕ್ಯವನ್ನು ಕಟ್ಟಿ, ಕರ್ತೃ ಕರ್ಮಗಳನ್ನು ಕೂರಿಸಿ, ಕಟ್ಟಕಡೆಗೆ ಕ್ರಿಯೆಯ ಬಾಲದಲ್ಲಿ ನಿರಾಕರಿಸುವವರು. ಬಾಲ ತುಂಡಾದರೆ ಆರೋಪಿಯೇ ಅಪರಾಧಿ.

ಬೆಳಿಗ್ಗೆ ಆರಕ್ಕೆ ಅತ್ತೆಯವರು ಮಗಳಿಗೆ ಫೋನ್ ಮಾಡಿದರು. ನಾನು ಪಕ್ಕದಲ್ಲೇ ಇದ್ದೆ. ಅವರ ದನಿಗೆ ಸ್ಪೀಕರ್ ಬೇಕಾಗುವುದಿಲ್ಲ. "ಏನೇ, ಅಳಿಯಂದಿರಿಗೆ ನಿನ್ನ ಮೇಲೆ ಕೋಪವಂತೆ? ಅದೂ ಒಂದು ನಲ್ಲಿಗೆ? ಎಲ್ಲರಿಗೂ ಕಾಣುವ ಹಾಗೆ ಬರೆದು ಹಾಕಿದ್ದಾರಲ್ಲ!"

"ಪೂರ್ತಿ ಓದಮ್ಮ" ಎಂದಳು ಹೆಂಡತಿ, ನನ್ನನ್ನು ನೋಡುತ್ತ.

"ಪೂರ್ತಿ ಯಾರು ಓದುತ್ತಾರೆ?" ಎಂದರು ಅತ್ತೆ. ನನ್ನ ಬರವಣಿಗೆಯ ಬಗ್ಗೆ ಇಷ್ಟು ಸಂಕ್ಷಿಪ್ತ ವಿಮರ್ಶೆ ಇದುವರೆಗೆ ಬಂದಿರಲಿಲ್ಲ.

ಹಲ್ಲುಜ್ಜುವ ಮೊದಲೇ ತುಣುಕನ್ನು ಸರಿಪಡಿಸಿದೆ. ನನ್ನ ಕಂಪ್ಯೂಟರಿನಲ್ಲಿ ಕೋಪ ಹೋಯಿತು. ಹೆಂಡತಿಯ ಮೊಬೈಲಿನಲ್ಲಿ ಹಾಗೇ ಇತ್ತು. ಒಮ್ಮೆ ತಂದ ಪುಟವನ್ನು ಮತ್ತೆ ಮತ್ತೆ ತರುವ ಶ್ರಮವೇಕೆಂದು ಬ್ರೌಸರ್ ಅದನ್ನು ತನ್ನ ಕ್ಯಾಶ್‌ನಲ್ಲಿ ಇಟ್ಟುಕೊಂಡಿರುತ್ತದೆ. ಎಷ್ಟು ಹೊತ್ತು ಇಟ್ಟುಕೊಳ್ಳಬಹುದೆಂದು ಪುಟ ಕಳಿಸುವ ಕಂಪ್ಯೂಟರಾದ ಸರ್ವರ್ ಹೇಳುತ್ತದೆ. ನನ್ನ ಸರ್ವರ್ ಹೇಳಿದ್ದು 6,04,800 ಸೆಕೆಂಡು, ಅಂದರೆ ಸರಿಯಾಗಿ ಒಂದು ವಾರ. ನಿಜವಾದ ಕೋಪವನ್ನೂ ನಾನು ಅಷ್ಟು ದಿನ ಇಟ್ಟುಕೊಂಡದ್ದಿಲ್ಲ.

"ಇದೇನೂ ದೊಡ್ಡದಲ್ಲ, ಕ್ಯಾಶ್ ಖಾಲಿ ಮಾಡಿದರೆ ಸರಿಹೋಗುತ್ತದೆ" ಎಂದೆ.

"ಅದನ್ನು ತಿಂಗಳು ತಿಂಗಳೂ ಮಾಡುತ್ತಲೇ ಇದ್ದೀರಿ" ಎಂದಳು.

ಅವಳ ಮೊಬೈಲನ್ನೇನೋ ಸರಿಮಾಡಿದೆ. ಬಂಧುಗಳ ಗುಂಪಿನಲ್ಲಿ ಕೊಂಡಿಯ ಜೊತೆ ಮೂಡಿದ್ದ ಪುಟ್ಟ ಚೌಕಕ್ಕೆ ಮಾತ್ರ ಮದ್ದಿಲ್ಲ. ಕಳಿಸಿದ ಗಳಿಗೆಯಲ್ಲಿ ತುಣುಕು ಹೇಗಿತ್ತೋ ಹಾಗೆಯೇ ಅದು ಸಂದೇಶಕ್ಕೆ ಅಂಟಿಕೊಂಡುಬಿಟ್ಟಿತ್ತು. ಅಳಿಸಲು ಹೋದರೆ 'ಈ ಸಂದೇಶವನ್ನು ಅಳಿಸಲಾಗಿದೆ' ಎಂಬ ಫಲಕ ನಿಲ್ಲುತ್ತದೆ. ಅದು ಕೋಪಕ್ಕಿಂತ ಕೆಟ್ಟದು. ಕೋಪ ಬಂದು, ಬೈದು, ಹೆದರಿದವನ ಲಕ್ಷಣ.

ಇಷ್ಟರ ನಡುವೆ ಒಂದು ಸಂತೋಷದ ಸಂಗತಿಯೂ ಇತ್ತು. ಅಂಕಿಅಂಶದ ಪುಟದಲ್ಲಿ ಓದುಗರ ಗೆರೆ ನೆಟ್ಟಗೆ ಮೇಲೇರಿತ್ತು. ಯಾರೋ ನಡುರಾತ್ರಿ ಮೂರು ಗಂಟೆಗೆ ಬಂದು ನಲ್ಲಿಯ ಬರಹವನ್ನೂ, ನನ್ನ ಹಳೆಯ ಕವಿತೆಗಳನ್ನೂ, ಸಂಪರ್ಕ ವಿಳಾಸವನ್ನೂ ಬಿಡದೆ ಓದಿದ್ದರು. ಕವಿತೆಗಳನ್ನು ಪೂರ್ತಿ ಓದಿದರೆಂದ ಕೂಡಲೇ ನನಗೆ ಅನುಮಾನ ಬರಬೇಕಿತ್ತು, ಬಂತು ಕೂಡ. ಅವು ಹುಡುಕು ಯಂತ್ರಗಳ ರೋಬೋಟುಗಳು. ಒಳಗೆ ಎಲ್ಲೆಲ್ಲಿ ಬರಬಾರದು ಎಂದು ಇವಕ್ಕೆ ತಿಳಿಸಲು 'ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ' ಎಂಬ ಪುಟ್ಟ ಕಡತವಿದೆ, 1994ರಿಂದ ನಡೆದುಬಂದ ಪದ್ಧತಿ. ಅದು ಬರೀ ಸೂಚನೆ. ಮರ್ಯಾದಸ್ಥ ರೋಬೋಟುಗಳು ಪಾಲಿಸುತ್ತವೆ, ಉಳಿದವು ನೇರ ಒಳಗೆ. ನಾನಂತೂ ಎಲ್ಲ ಬಾಗಿಲನ್ನೂ ತೆರೆದಿಟ್ಟಿದ್ದೇನೆ. ಓದುಗರ ವಿಷಯದಲ್ಲಿ ಆರಿಸುವ ಸ್ಥಿತಿಯಲ್ಲಿ ನಾನಿಲ್ಲ.

ಅದೇ ಪುಟದಲ್ಲಿ ಓದುಗರು ಯಾವ ಕೊಂಡಿ ಹಿಡಿದು ಬಂದರೆಂದು ತಿಳಿಸುವ 'ರೆಫರರ್' ಎಂಬ ಕಲಮಿದೆ. ಈ ಮಾಹಿತಿ ಹೊತ್ತು ತರುವ ಸಾಲಿನ ಹೆಸರಿನಲ್ಲಿ ಇಂಗ್ಲಿಷಿನ ಒಂದು 'ಆರ್' ಬಿಟ್ಟುಹೋಗಿ, ಜಾಲಪುಟಗಳ ಸಾಗಾಟದ ನಿಯಮ ಹೇಳುವ 1996ರ ಎಚ್‌ಟಿಟಿಪಿ ದಾಖಲೆಯಲ್ಲಿ ಹಾಗೆಯೇ ಅಚ್ಚಾಗಿ, ಇಂದಿಗೂ ಲೋಕದ ಬ್ರೌಸರುಗಳೆಲ್ಲ ಆ ಕಾಗುಣಿತವನ್ನೇ ಬಳಸುತ್ತಿವೆ. ನನ್ನ ಅಲ್ಪಪ್ರಾಣ ಮಹಾಪ್ರಾಣಗಳನ್ನು ತಿದ್ದಿ ಕಳಿಸುವ ಸ್ನೇಹಿತರಿಗೆ ಇದನ್ನು ತಿಳಿಸಿದೆ. ಅವರು ನಾನು ಕಳಿಸಿದ ಸಂದೇಶದಲ್ಲೇ ಇನ್ನೆರಡು ತಪ್ಪು ತೋರಿಸಿದರು.

ಈಗ ನಮ್ಮ ಮನೆಯಲ್ಲಿ ಒಂದು ಒಪ್ಪಂದವಾಗಿದೆ. ತುಣುಕನ್ನು ಯಂತ್ರದ ಕತ್ತರಿಗೆ ಬಿಡದೆ ಕೈಯಿಂದಲೇ ಬರೆಯುವುದಕ್ಕೆ ಒಂದು ಖಾನೆ ಇದೆಯೆಂದು ಹೆಂಡತಿಯೇ ಹುಡುಕಿದಳು, ಆ ಖಾನೆ ಇನ್ನು ತನ್ನದೆಂದಳು. ಬರಹ ಪೂರ್ತಿ ಓದಿಯೇ ಬರೆಯುತ್ತೀಯಲ್ಲ ಎಂದು ಕೇಳಿದ್ದಕ್ಕೆ "ಅದಕ್ಕೆ ರೋಬೋಟುಗಳಿವೆಯಲ್ಲ" ಎಂದಳು. ಮುಖಪುಟದಲ್ಲಿ, ನಾನು ಗಂಟೆಗಟ್ಟಲೆ ಆರಿಸಿದ ನೀಲಿಯ ಶೀರ್ಷಿಕೆಯ ಕೆಳಗೆ, ಈಗ ಅವಳ ವಾಕ್ಯಗಳಿವೆ: "ಗೇಟ್‌ವಾಲ್ವ್ ಮಾಳಿಗೆಯ ಮೇಲೆ, ತೊಟ್ಟಿಯ ಹಿಂದೆ ಇದೆ. ತಿರುಗಿಸಿದ್ದು ನಾನು."

ಅಂದಿನಿಂದ 'ಮುಂದೆ ಓದಿ' ಎಂಬುದನ್ನು ಯಾರೂ ಒತ್ತುತ್ತಿಲ್ಲ. ತಿಳಿಯಬೇಕಾದ್ದೆಲ್ಲ ಅಲ್ಲಿಗೇ ತಿಳಿಯಿತೆಂದು ಅತ್ತೆಯವರು ಫೋನ್ ಮಾಡಿ ಹೇಳಿದರು.