‘ಅಂಗಡಿ’ ಅಂದರೆ ಯಾವುದು?

ಸಮಾನತೆಯ ಹಕ್ಕು ಸರ್ಕಾರದ ಕೈ ಕಟ್ಟಲಿಕ್ಕಷ್ಟೇ, ಖಾಸಗಿಯವರು ಯಾರ ಜೊತೆ ವ್ಯವಹರಿಸಬೇಕೆಂಬುದು ಅವರವರ ಇಷ್ಟ ಎಂದು ನಾನು ಓದಿದ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಅವರು ಸಂವಿಧಾನದ 15(2)ನೇ ವಿಧಿಯನ್ನು ಓದಿದಂತಿಲ್ಲ. ಜಾತಿ, ಧರ್ಮದಂಥ ಕಾರಣಕ್ಕೆ ಯಾವ ನಾಗರಿಕರನ್ನೂ ಎಲ್ಲೆಲ್ಲಿ ತಡೆಯಬಾರದು ಎಂದು ಹೇಳುವ ವಿಧಿ ಅದು. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ ಅಂತ ಹೆಸರಿಟ್ಟೇ ಬರೆದಿದೆಯಲ್ಲ, ಅಂಗಡಿ ಇಟ್ಟುಕೊಂಡವರು ಸರ್ಕಾರದವರೇ?

1948ರಲ್ಲಿ ಸಂವಿಧಾನ ಸಭೆಯಲ್ಲಿ ಕ್ಷೌರಿಕರು, ದೋಬಿಗಳ ಸೇವೆಯೂ ಇದರಲ್ಲಿ ಸೇರುತ್ತದೆಯೇ ಎಂಬ ಪ್ರಶ್ನೆ ಬಂದಿತ್ತು. ಇಲ್ಲಿ ‘ಅಂಗಡಿ’ ಅಂದರೆ ಒಳಗೆ ಬಿಟ್ಟುಕೊಳ್ಳುವುದಷ್ಟೇ ಅಲ್ಲ, ದುಡ್ಡು ಕೊಟ್ಟವನಿಗೆ ಸೇವೆ ಸಿಗಬೇಕು ಎಂಬ ವಿಶಾಲ ಅರ್ಥ ಎಂದು ಅಂಬೇಡ್ಕರ್ ಉತ್ತರಿಸಿದ್ದರು. 2011ರಲ್ಲಿ ಸುಪ್ರೀಂ ಕೋರ್ಟ್ ಇದೇ ಜಾಡು ಹಿಡಿದು ಖಾಸಗಿ ಶಿಕ್ಷಣ ಸಂಸ್ಥೆಗಳನ್ನೂ ಆ ಪದದೊಳಗೆ ತಂದಿತು. ನಿಘಂಟು ಮುಂದಿಟ್ಟುಕೊಂಡು ಕೂತಿದ್ದರೆ ಇದು ಆಗುತ್ತಿರಲಿಲ್ಲ. ಕಾನೂನು ಯಾವ ಅವಮಾನವನ್ನು ತಡೆಯಲು ಹುಟ್ಟಿತು ಎಂದು ಮೊದಲು ಕೇಳಬೇಕು.

ಹಾಗಂತ ಕೋರ್ಟು ಯಾವಾಗಲೂ ಹೀಗೇ ಓದುತ್ತದೆ ಅಂತಲ್ಲ. 2005ರಲ್ಲಿ, ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಎಂಬ ಅಹಮದಾಬಾದಿನ ಗೃಹ ಸಹಕಾರ ಸಂಘದ ಬೈಲಾವನ್ನು ಅದೇ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ನನಗೆ ಆ ತೀರ್ಪು ಇವತ್ತಿಗೂ ಗಂಟಲಲ್ಲಿ ಇಳಿದಿಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರನ್ನು ಕೇಳಿ. ಅಡ್ವಾನ್ಸ್ ಮಾತಾಡುವ ಮೊದಲೇ ‘ನೀವು ಯಾವ ಜನ?’ ಅಂತ ಬರುತ್ತದೆ. ಇದೂ ಮನೆ ಮಾಲೀಕರ ‘ಇಷ್ಟ’ವೇ, ಸ್ವಾಮಿ?