ಫಾದರ್ ಬರಲಿಲ್ಲ, ಅಭ್ಯರ್ಥಿ ಬಂದರು

ಚುನಾವಣೆ ಹತ್ತಿರ ಬಂತೆಂದರೆ ಅಭ್ಯರ್ಥಿಯನ್ನು ನಮ್ಮ ಬೀದಿಗೆ, ನಮ್ಮ ಸಂಘಕ್ಕೆ ಕರೆಸುವುದೇ ಒಂದು ದೊಡ್ಡ ಸಾಧನೆ ಅನ್ನೋ ಹಾಗೆ ಜನ ಓಡಾಡುತ್ತಾರೆ. ಅವರು ಬಂದರೆ ಸಭೆ ಗೆದ್ದಿತು, ಬರದಿದ್ದರೆ ಸೋತಿತು. ನನ್ನ ಅನಿಸಿಕೆ ಇದಕ್ಕೆ ಉಲ್ಟಾ. ಅಭ್ಯರ್ಥಿ ಎದುರಿಗೆ ಕೂತಿದ್ದಾಗ ಊರಿನವರು ಬಾಯಿ ಬಿಡುವುದಿಲ್ಲ. ಅವರಿಲ್ಲದ ಸಭೆ ಬೇಕು.

ಹೀಗನ್ನಿಸಿದ್ದು ಎರಡು ಸಭೆಗಳನ್ನು ನೋಡಿದ ಮೇಲೆ. ಒಂದು ಅಮೆರಿಕದ ಅಯೋವಾ ರಾಜ್ಯದ ಚರ್ಚಿನಲ್ಲಿ, ಇನ್ನೊಂದು ಕೊಡಗಿನ ಸಿದ್ದಾಪುರದ ಕಡೆ, ಚರ್ಚಿಗೆ ಸೇರಿದ ಕುಟುಂಬಗಳ ನಡುವೆ. ಎರಡೂ ಕಡೆ ನಾನು ಹೊರಗಿನವನು. ಅಯೋವಾದಲ್ಲಿ ಆಗ ನನಗೆ ಪೌರತ್ವ ಇರಲಿಲ್ಲ. ಕೊಡಗು ಹುಟ್ಟಿದೂರು, ಆದರೆ ನಾನು ಕ್ರೈಸ್ತನಲ್ಲ. ಅಪ್ಪ ಕಾಫಿ ತೋಟದಲ್ಲಿ ಲೆಕ್ಕ, ಹಾಜರಿ ನೋಡಿಕೊಳ್ಳುವ ರೈಟರ್ ಆಗಿದ್ದರು. ಓದಿದ್ದು ಸಿಸ್ಟರ್‌ಗಳ ಶಾಲೆಯಲ್ಲಿ. ಕ್ರಿಸ್ಮಸ್ ಹಾಡುಗಳೆಲ್ಲ ಬಾಯಿಪಾಠ, ಆದರೆ ಪೂಜೆಯಲ್ಲಿ ಯಾವಾಗ ಎದ್ದು ನಿಲ್ಲಬೇಕು, ಯಾವಾಗ ಮೊಣಕಾಲೂರಬೇಕು ಅನ್ನೋದು ಇವತ್ತಿಗೂ ಪಕ್ಕದವರನ್ನು ನೋಡಿಯೇ.

ಕೊಡಗಿನದನ್ನು ಮೊದಲು ಹೇಳುತ್ತೇನೆ. 2023ರ ಏಪ್ರಿಲ್. ಮೇ 10ಕ್ಕೆ ವಿಧಾನಸಭೆ ಮತದಾನ. ಅಪ್ಪನ ಕಣ್ಣಿನ ಆಪರೇಷನ್‌ಗೆಂದು ಊರಿಗೆ ಬಂದಿದ್ದೆ. ಶಾಲೆಯ ಗೆಳೆಯನ ತಾಯಿ ಫೋನ್ ಮಾಡಿದರು. "ಮಗ, ಭಾನುವಾರ ಪೂಜೆ ಆದ್ಮೇಲೆ ನಮ್ಮವರ ಒಂದು ಮೀಟಿಂಗ್ ಉಂಟು. ಎಂ.ಎಲ್.ಎ.ಗೆ ನಿಂತವರು ಬರ್ತಾರೆ. ನೀನೂ ಬಾ, ಸುಮ್ನೆ ಕೂತ್ಕೊ." ಆಂಟಿ ಕರೆದರೆ ಹೋಗದೆ ಇರೋದು ಹೇಗೆ?

ಸಭೆ ಚರ್ಚಿನಲ್ಲಿ ಇರಲಿಲ್ಲ. ಚರ್ಚ್ ಹಾಲ್‌ನಲ್ಲೂ ಅಲ್ಲ. ಒಬ್ಬ ಬೆಳೆಗಾರರ ಮನೆಯ ಕಣದಲ್ಲಿ. ಕಾಫಿ ಒಣಗಿಸುವ ಸಿಮೆಂಟ್ ಕಣ ಆ ಹೊತ್ತಿಗೆ ಖಾಲಿ ಇರುತ್ತದೆ, ಅಲ್ಲಿ ಶಾಮಿಯಾನ ಹಾಕಿದ್ದರು. ಇದಕ್ಕೆ ಕಾರಣ ಉಂಟು. ಧಾರ್ಮಿಕ ಸಂಸ್ಥೆಗಳ ಜಾಗವನ್ನು ರಾಜಕೀಯಕ್ಕೆ ಬಳಸಬಾರದು ಅಂತ 1988ರಲ್ಲೇ ಕಾನೂನು ಬಂದಿದೆ. ನೀತಿ ಸಂಹಿತೆಯೂ ದೇವಸ್ಥಾನ, ಮಸೀದಿ, ಚರ್ಚುಗಳನ್ನು ಪ್ರಚಾರದ ವೇದಿಕೆ ಮಾಡಬೇಡಿ ಅನ್ನುತ್ತದೆ. ಫಾದರ್ ಈ ವಿಷಯದಲ್ಲಿ ಖಡಕ್. ಬೆಳಗಿನ ಪೂಜೆಯಲ್ಲಿ "ಎಲ್ಲರೂ ತಪ್ಪದೆ ಓಟು ಹಾಕಿ" ಎಂದಷ್ಟೇ ಹೇಳಿದರು. ಯಾರಿಗೆ ಅಂತ ಬಾಯಿ ಬಿಡಲಿಲ್ಲ, ಸಭೆಗೂ ಬರಲಿಲ್ಲ. ಅವರು ಮಾಡಿದ್ದು ನೂರಕ್ಕೆ ನೂರು ಸರಿ.

ಅಭ್ಯರ್ಥಿ ಬರುವವರೆಗೆ ಕಾದೆವು. ತುಂಬಾ ಹೊತ್ತು. ಹೇಳಬೇಕೆಂದರೆ ಅದೇ ಒಳ್ಳೆಯ ಸಭೆ. ಕಾಫಿ, ಬಾಳೆಕಾಯಿ ಚಿಪ್ಸ್ ಕೊಟ್ಟರು. ಊಟ ಹಾಕಿದರೆ ಆಮಿಷ ಅಂತ ಚುನಾವಣಾ ತಪಾಸಣೆಯ ಫ್ಲೈಯಿಂಗ್ ಸ್ಕ್ವಾಡ್ ಬಂದೀತೆಂಬ ಹೆದರಿಕೆ. ಕೊಡಗಿನಲ್ಲಿ ಇಷ್ಟು ಜನ ಸೇರಿ ಪಂದಿಕರಿ ಇಲ್ಲದ್ದನ್ನು ನಾನು ನೋಡಿದ್ದು ಅದೇ ಮೊದಲು. ಮುಂದಿನ ಸಾಲಿನಲ್ಲಿ ಮಂಗಳೂರಿನ ಕಡೆಯಿಂದ ಬಂದು ನೆಲೆಸಿದ ಕೊಂಕಣಿ ಮಾತಿನ ತೋಟದವರು, ಪಕ್ಕದಲ್ಲಿ ಮಲಯಾಳಂ ಮನೆಮಾತಿನ ವ್ಯಾಪಾರಿಗಳು, ಹಿಂದೆ ಪ್ಲಾಸ್ಟಿಕ್ ಕುರ್ಚಿ ಸಾಲದೆ ಕಣದ ಕಟ್ಟೆಯ ಮೇಲೆ ಲೈನ್ ಮನೆಗಳ, ಅಂದರೆ ತೋಟದ ಕೆಲಸದವರಿಗೆ ಕೊಟ್ಟ ಸಾಲುಮನೆಗಳ ತಮಿಳು ಕುಟುಂಬಗಳು. ಎಲ್ಲರೂ ಒಂದೇ ಚರ್ಚಿನವರು, ಆದರೆ ಮೂರು ಸಾಲು. ಎಲ್ಲರನ್ನೂ ಬೆಸೆಯುವ ಭಾಷೆ ಕನ್ನಡ.

ಕಾಯುವಾಗ ಎಷ್ಟು ವಿಷಯ ಬಂತು! ಆನೆ ಕಾಟ ಮೊದಲು. ರೈಲ್ವೆ ಕಂಬಿಯ ಬೇಲಿ ಹಾಕಿದ ಕಡೆಯಲ್ಲೂ ನಡುವೆ ಬಿಟ್ಟ ಜಾಗದಿಂದ ಆನೆ ಬರುತ್ತದೆ ಅಂತ ಒಬ್ಬರು. ಬೆಳಿಗ್ಗೆ ತೋಟಕ್ಕೆ ಕೆಲಸದವರನ್ನು ಕಳಿಸಲು ಹೆದರಿಕೆ ಅಂತ ಇನ್ನೊಬ್ಬರು. ಹೆದರಿಕೆ ಆಗಬೇಕಾದ್ದು ಹೋಗುವವರಿಗೆ, ಅಲ್ವಾ? ಜೋರು ಕಾಯಿಲೆ ಬಂದರೆ ಮೈಸೂರಿಗೋ ಮಂಗಳೂರಿಗೋ ಓಡಬೇಕು ಅನ್ನೋ ಹಳೆಯ ದೂರು. ಒಳ್ಳೆಮೆಣಸಿನ ರೇಟು. ಕಾಫಿ ಹೂ ಅರಳಿಸುವ ಹೂಮಳೆ ಈ ಸಲ ಸರಿಯಾಗಿ ಬಂತೋ ಇಲ್ಲವೋ ಅನ್ನೋ ಜಗಳ. ಇನ್ನೊಂದು ವಿಷಯಕ್ಕೆ ದನಿ ತಗ್ಗಿತು. 2022ರಲ್ಲಿ ಬಂದ ಮತಾಂತರ ತಡೆ ಕಾಯ್ದೆ. ಮನೆಯಲ್ಲಿ ಪ್ರಾರ್ಥನೆ ಇಟ್ಟುಕೊಂಡರೂ ಯಾರಾದರೂ ದೂರು ಕೊಟ್ಟಾರು ಅಂತ ಒಬ್ಬ ವಯಸ್ಸಾದವರು ಹೇಳಿದರು. ಸುತ್ತ ಇದ್ದವರು ತಲೆಯಾಡಿಸಿದರು.

ಅಷ್ಟರಲ್ಲಿ ಕಾರುಗಳು ಬಂದವು. ಎಲ್ಲರೂ ಎದ್ದು ನಿಂತರು. ಶಾಲು, ಹಾರ, ಏಲಕ್ಕಿ ಮಾಲೆ. ಅಭ್ಯರ್ಥಿ ಚೆನ್ನಾಗಿಯೇ ಮಾತಾಡಿದರು. ತಾನೂ ಕಾನ್ವೆಂಟಿನಲ್ಲಿ ಓದಿದವನು ಅಂದರು, ಸಿಸ್ಟರ್ ಕೊಟ್ಟ ಏಟು ನೆನಪಿಸಿಕೊಂಡರು, ಎಲ್ಲರೂ ನಕ್ಕರು. ಯಾವ ಪಕ್ಷ ಅನ್ನೋದು ಇಲ್ಲಿ ಬೇಡ. ಈ ಮಾತನ್ನು ಎಲ್ಲ ಪಕ್ಷದವರೂ ಆಡುತ್ತಾರೆ, ಎದುರಿಗೆ ಯಾರಿದ್ದಾರೆ ಅನ್ನೋದರ ಮೇಲೆ ಶಾಲೆಯ ಹೆಸರು ಬದಲಾಗುತ್ತದೆ ಅಷ್ಟೆ.

ಆಮೇಲೆ "ಯಾರಾದರೂ ಎರಡು ಮಾತು" ಅಂದರು. ಕಾಯಿದೆಯ ಬಗ್ಗೆ ದನಿ ತಗ್ಗಿಸಿ ಮಾತಾಡಿದ್ದವರು ಅಭ್ಯರ್ಥಿಗೆ ಶುಭ ಕೋರಿದರು. ಆನೆಯ ವಿಷಯ ಬಂತು, ಆದರೆ ಮನವಿ ಪತ್ರದ ಭಾಷೆಯಲ್ಲಿ, ಮೂರು ಸಲ "ತಮ್ಮಲ್ಲಿ ಕೇಳಿಕೊಳ್ಳುತ್ತೇವೆ" ಸೇರಿಸಿ. ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಹೆಂಗಸು ಮಾತ್ರ ಎದ್ದರು. "ಸಾರ್, ಲೈನ್ ಮನೇಲಿ ಮೂರು ತಲೆಮಾರಾಯ್ತು. ಕೆಲಸ ಬಿಟ್ಟ ದಿನ ಮನೆಯೂ ಬಿಡ್ಬೇಕು. ಅಲ್ಲಿ ಪೈಸಾರಿ ಜಾಗ, ಸರ್ಕಾರದ್ದು, ಉಂಟು ಅಂತಾರೆ. ನಮಗೆ ಸೈಟು ಯಾವಾಗ?"

ಅಭ್ಯರ್ಥಿ ಉತ್ತರಕ್ಕೆಂದು ಬಾಯಿ ತೆರೆದಿದ್ದರು. ತಡೆದವರು ನಮ್ಮವರೇ. ಮೈಕ್ ಹಿಡಿದಿದ್ದ ಯುವಕ, "ಅಕ್ಕ, ಅದೆಲ್ಲ ಆಮೇಲೆ ಮಾತಾಡುವ, ಸರ್‌ಗೆ ಇನ್ನೂ ನಾಲ್ಕು ಕಡೆ ಹೋಗ್ಲಿಕ್ಕುಂಟು" ಎಂದ. ವಂದನಾರ್ಪಣೆ ಆಯಿತು. ಫೋಟೋ ಆಯಿತು. ಫೋಟೋದಲ್ಲಿ ನನ್ನನ್ನೂ "ಅಮೆರಿಕದಿಂದ ಬಂದಿದ್ದಾರೆ" ಅಂತ ಮುಂದೆ ನಿಲ್ಲಿಸಿದರು. ಆ ಅಕ್ಕ ಫೋಟೋದಲ್ಲಿಲ್ಲ.

ಈಗ ಅಯೋವಾ. 2020ರ ಫೆಬ್ರವರಿ 3, ಸಂಜೆ ಏಳು ಗಂಟೆ, ಹೊರಗೆ ಹಿಮ. ಡೆಮಾಕ್ರಟಿಕ್ ಪಕ್ಷದ ಕಾಕಸ್. ಅಧ್ಯಕ್ಷ ಸ್ಥಾನಕ್ಕೆ ಪಕ್ಷದಿಂದ ಯಾರು ನಿಲ್ಲಬೇಕು ಅಂತ ಊರೂರಿನ ಬೆಂಬಲಿಗರು ಒಂದೆಡೆ ಸೇರಿ ತೀರ್ಮಾನಿಸುವ ಸಭೆ. ಶಾಲೆ, ಲೈಬ್ರರಿ, ಚರ್ಚು, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ನಡೆಯುತ್ತಿತ್ತು. ನಮ್ಮ ಬಡಾವಣೆಯದ್ದು ಲೂಥರನ್ ಚರ್ಚಿನ ನೆಲಮಾಳಿಗೆಯ ಹಾಲ್‌ನಲ್ಲಿ. ಓಟಿಲ್ಲದವರು ಬದಿಯಲ್ಲಿ ಕೂತು ನೋಡಬಹುದಿತ್ತು. ಪಾಸ್ಟರ್ ಬಂದು ಬೀಗ ತೆಗೆದು, ಹೀಟರ್ ಸ್ವಿಚ್ ತೋರಿಸಿ ಹೊರಟುಹೋದರು.

ಅಲ್ಲಿ ಅಭ್ಯರ್ಥಿ ಇರಲಿಲ್ಲ. ಇರಲಿಕ್ಕೆ ಸಾಧ್ಯವೂ ಇರಲಿಲ್ಲ, ರಾಜ್ಯದ ತುಂಬ ಸಾವಿರದ ಆರುನೂರಕ್ಕೂ ಹೆಚ್ಚು ಕಡೆ ಒಂದೇ ಹೊತ್ತಿಗೆ ನಡೆಯುತ್ತಿತ್ತು. ಅಭ್ಯರ್ಥಿಯ ಪರ ಮಾತಾಡಬೇಕಾದವರು ಅಕ್ಕಪಕ್ಕದ ಮನೆಯವರೇ. ಗುಪ್ತ ಮತದಾನವೂ ಇರಲಿಲ್ಲ, ಒಬ್ಬೊಬ್ಬ ಅಭ್ಯರ್ಥಿಯ ಕಡೆಯವರು ಹಾಲ್‌ನ ಒಂದೊಂದು ಮೂಲೆಗೆ ಹೋಗಿ ನಿಲ್ಲಬೇಕಿತ್ತು. ಸಂಡೇ ಸ್ಕೂಲ್ ಮಕ್ಕಳು ಬಿಡಿಸಿದ ನೋಹನ ನಾವೆಯ ಚಿತ್ರದ ಕೆಳಗೆ ಅಭ್ಯರ್ಥಿ ಬರ್ನಿ ಸ್ಯಾಂಡರ್ಸ್ ಕಡೆಯ ಗುಂಪು. ಬಂದವರಲ್ಲಿ ಶೇಕಡ 15ರಷ್ಟು ಜನ ಸೇರದ ಗುಂಪಿನವರು ಬೇರೆ ಗುಂಪಿಗೆ ಹೋಗಬಹುದಿತ್ತು. ಆಗ ಶುರುವಾಗುತ್ತದೆ ನೋಡಿ ಮಜಾ. ದೊಡ್ಡ ಗುಂಪಿನವರು ಇವರನ್ನು ಕರೆಯಲು ಬರುತ್ತಾರೆ. ಶಾಲೆ ಬಸ್ ಓಡಿಸುವ ಹೆಂಗಸು ಒಬ್ಬ ವಯಸ್ಸಾದ ರೈತನ ಹತ್ತಿರ ಹೋಗಿ ಕೇಳಿದರು, "ನಿಮ್ಮ ಮೊಣಕಾಲಿನ ಆಪರೇಷನ್‌ಗೆ ಕೈಯಿಂದ ಎಷ್ಟು ಹೋಯ್ತು?" ಆತ ಹೇಳಿದ. ಅಲ್ಲಿಂದ ಆರೋಗ್ಯ ವಿಮೆಯ ಬಗ್ಗೆ ಅವರಿಬ್ಬರ ವಾದ ನಿಲ್ಲಲೇ ಇಲ್ಲ. ಕೊನೆಗೂ ಆತ ಆಕೆಯ ಮೂಲೆಗೆ ಹೋಗಲಿಲ್ಲ. ಆದರೆ ಒಂದು ಇಡೀ ಹಾಲ್‌ಗೆ ವಿಮೆಯ ಲೆಕ್ಕಾಚಾರ ಗೊತ್ತಾಯಿತು.

ಲೆಕ್ಕ ಮುಗಿದ ಮೇಲೆ ಹೆಚ್ಚಿನವರು ಮನೆಗೆ ಹೋದರು. ಉಳಿದ ಕೆಲವರು ಪಕ್ಷದ ಕಾರ್ಯಕ್ರಮ ಪಟ್ಟಿಗೆ ಸೇರಿಸಲು ಒಂದೊಂದು ನಿರ್ಣಯ ಬರೆದು ಓದಿದರು. ಯಾರು ಬೇಕಾದರೂ ಒಂದು ಚೀಟಿ ಕೊಡಬಹುದು. ಟಿವಿಯವರು ಇದನ್ನು ತೋರಿಸುವುದಿಲ್ಲ. ಆ ರಾತ್ರಿಯಂತೂ ಅವರಿಗೆ ಬೇರೆಯೇ ಸುದ್ದಿ ಸಿಕ್ಕಿತ್ತು. ಫಲಿತಾಂಶ ಕಳಿಸುವ ಆ್ಯಪ್ ಕೈಕೊಟ್ಟು ಅಮೆರಿಕಕ್ಕೆ ಅಮೆರಿಕವೇ ಅಯೋವಾವನ್ನು ನೋಡಿ ನಕ್ಕಿತು.

ಅಮೆರಿಕದಲ್ಲಿ ಧರ್ಮ, ರಾಜಕೀಯ ಬೇರೆಬೇರೆ ಇದೆ ಅಂತ ನಾನು ಹೇಳಲು ಹೊರಟಿಲ್ಲ. ತೆರಿಗೆ ವಿನಾಯಿತಿ ಪಡೆಯುವ ಚರ್ಚು ಯಾವ ಅಭ್ಯರ್ಥಿಯ ಪರವೂ ನಿಲ್ಲಬಾರದು ಅಂತ 1954ರಿಂದ ಅಲ್ಲಿ ನಿಯಮ ಇದೆ. ಅದನ್ನು ಮುರಿದು ಬೋಧನೆ ಮಾಡುವ ಪಾಸ್ಟರ್‌ಗಳೂ ಇದ್ದಾರೆ. 2025ರ ಜುಲೈನಲ್ಲಿ ಅಲ್ಲಿನ ತೆರಿಗೆ ಇಲಾಖೆಯೇ, ಆರಾಧನೆಯ ಹೊತ್ತಿನಲ್ಲಿ ಪಾಸ್ಟರ್ ತನ್ನ ಸಭೆಗೆ ಹೇಳಿದರೆ ತಪ್ಪಲ್ಲ ಅಂತ ಕೋರ್ಟಿಗೆ ಬರೆದುಕೊಟ್ಟಿತು. ಇದರಲ್ಲಿ ನಮ್ಮ ದಾರಿಯೇ ಒಳ್ಳೆಯದು. ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ಓಟು ಕೇಳಬಾರದು ಅಂತ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಏಳು ಜಡ್ಜ್‌ಗಳಲ್ಲಿ ನಾಲ್ವರು ಒಪ್ಪಿ. ಪೂಜೆಯಲ್ಲಿ ಫಾದರ್ ಒಂದು ಹೆಸರು ಹೇಳಿಬಿಟ್ಟರೆ ಕೊಡಗಿನಂಥ ಜಾಗದಲ್ಲಿ ಮರುದಿನ ಏನಾದೀತು ಅಂತ ಯೋಚನೆ ಮಾಡಿ.

ಆದರೆ ಚರ್ಚಿನ ಗೋಡೆಯ ಆಚೆ ರಾಜಕೀಯ ಇಟ್ಟ ಮಾತ್ರಕ್ಕೆ ಆಯಿತೇ? ಫಾದರ್ ದೂರ ಉಳಿದರು. ಅವರು ಬಿಟ್ಟ ಜಾಗದಲ್ಲಿ ಬಂದು ನಿಂತದ್ದು ಮೈಕ್ ಹಿಡಿದ ಯುವಕ, ಮುಂದಿನ ಸಾಲಿನ ಸಾಹುಕಾರರು. ಅಯೋವಾದ ಪಾಸ್ಟರ್ ಕೂಡ ದೂರ ಉಳಿದರು, ಆದರೆ ಅಲ್ಲಿ ಆ ಜಾಗಕ್ಕೆ ಬಸ್ ಡ್ರೈವರ್ ಬಂದಳು.

ಇದಕ್ಕೆ ಹಳೆಯ ಕಾರಣ ಇರಬಹುದು ಅಂತ ನನ್ನ ಊಹೆ. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚು ಶುರುವಾದದ್ದು 1792ರಲ್ಲಿ, ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಜಾಗ ಕೊಟ್ಟು ಆಶ್ರಯ ಕೊಟ್ಟದ್ದರಿಂದ. ಹೊರಗಿನಿಂದ ಬಂದ ಸಣ್ಣ ಸಮುದಾಯಕ್ಕೆ ಅಧಿಕಾರದಲ್ಲಿ ಇರುವವರ ಕೃಪೆ ಬೇಕಿತ್ತು. ಬಂದವರಿಗೆ ಶಾಲು ಹೊದಿಸಿ ಕಳಿಸುವುದು ಅಲ್ಲಿಂದಲೇ ಬಂದ ಅಭ್ಯಾಸವೇನೋ. ಮಡಿಕೇರಿ ಕೋಟೆಯೊಳಗೆ ಇಂಗ್ಲಿಷರು ತಮಗಾಗಿ ಕಟ್ಟಿಕೊಂಡ ಚರ್ಚಿಗೆ ಆ ಕಷ್ಟ ಇರಲಿಲ್ಲ, ಆಳುವವರೇ ಅವರು. ಅವರು ಹೋದರು, ಅದೀಗ ಮ್ಯೂಸಿಯಂ. ಕೃಪೆ ಕೇಳಿ ಬಂದವರ ಚರ್ಚಿನಲ್ಲಿ ಇನ್ನೂ ಪೂಜೆ ನಡೆಯುತ್ತಿದೆ. ಹಾಗಾಗಿ ಶಾಲು ಹೊದಿಸುವವರನ್ನು ನೋಡಿ ನಗುವುದು ಸುಲಭ, ನಾನು ನಗಲಾರೆ.

ಅಯೋವಾದ ಹಾಗೆ ಮೂಲೆಗೆ ಹೋಗಿ ನಿಲ್ಲುವುದು ಕೊಡಗಿಗೆ ಬೇಡವೇ ಬೇಡ. ಮುಂದಿನ ಸಾಲಿನಲ್ಲಿ ತೋಟದ ಯಜಮಾನರು ಕೂತಿರುವಾಗ ಲೈನ್ ಮನೆಯ ಅಕ್ಕ ಯಾವ ಮೂಲೆಗೆ ಹೋದಾರು? ಆಕೆಗೆ ಗುಪ್ತ ಮತದಾನವೇ ಗಟ್ಟಿ ಬೇಲಿ. ಅಯೋವಾದಲ್ಲೂ ರಾತ್ರಿ ಪಾಳಿಯವರು, ಚಿಕ್ಕ ಮಕ್ಕಳ ತಾಯಂದಿರು ಆ ಹಾಲ್‌ಗೆ ಬರಲಾಗುತ್ತಿರಲಿಲ್ಲ. 2024ಕ್ಕೆ ಡೆಮಾಕ್ರಟಿಕ್ ಪಕ್ಷ ಆ ಪದ್ಧತಿ ಬಿಟ್ಟು ಅಂಚೆಯಲ್ಲಿ ಕಾರ್ಡ್ ತರಿಸಿಕೊಂಡಿತು.

ನನಗೆ ಬೇಕಾದ್ದು ಅಯೋವಾದಲ್ಲಿ ನಿರ್ಣಯ ಬರೆದುಕೊಟ್ಟರಲ್ಲ, ಆ ಚೀಟಿ. ಅಭ್ಯರ್ಥಿ ಬರುವ ಹಿಂದಿನ ವಾರ ಅದೇ ಕಣದಲ್ಲಿ, ಅಭ್ಯರ್ಥಿ ಇಲ್ಲದೆ, ಶಾಲಿಲ್ಲದೆ ಒಂದು ಸಭೆ. ಕಾಯುವಾಗ ಬಂದ ಮಾತುಗಳನ್ನೆಲ್ಲ ಹೆಸರಿಲ್ಲದೆ ಬರೆದು ಹಾಕಲಿ. ಸೈಟು, ಕಾಯ್ದೆ, ಆನೆ. ಅಭ್ಯರ್ಥಿ ಬಂದ ದಿನ ಅದನ್ನು ಓದಲಿ, ಓದುವವರು ಯಾರಾದರೂ ಆಗಲಿ. ಕೇಳಿದ್ದು ಯಾರು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಇದನ್ನು ಆಂಟಿಗೆ ಫೋನಿನಲ್ಲಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. "ಸರಿ ಮಗ. ಆದ್ರೆ ಎಂ.ಎಲ್.ಎ. ಹತ್ರ ಸೈಟು ಕೇಳಿ ಎಂತ ಸಿಗ್ತದೆ? ಪಟ್ಟಿ ಆಗೋದು ಪಂಚಾಯ್ತಿಲಿ." ಅವರ ಮಾತು ನಿಜ. ಮನೆ, ಸೈಟಿನ ಫಲಾನುಭವಿಗಳ ಪಟ್ಟಿ ವಾರ್ಡ್ ಸಭೆಗೆ, ಗ್ರಾಮ ಸಭೆಗೆ ಬರಬೇಕು, ಆರು ತಿಂಗಳಿಗೊಮ್ಮೆ ಆ ಸಭೆ ಕರೆಯಬೇಕು ಅಂತ ಕರ್ನಾಟಕದ ಪಂಚಾಯತ್ ಕಾನೂನಿನಲ್ಲೇ ಇದೆ. ಅಲ್ಲಿ ಕೇಳಲು ಯಾರ ಕೃಪೆಯೂ ಬೇಡ. "ನೀವು ಹೋಗಿದ್ದೀರಾ ಆಂಟಿ?" ಅಂದೆ. "ಎಲ್ಲಿ ಹೋಗೋದು, ಇಡೋದೇ ಕೆಲಸದ ದಿನ ಹನ್ನೊಂದು ಗಂಟೆಗೆ. ಲೈನ್‌ನವರು ಆ ಹೊತ್ತಿಗೆ ತೋಟದಲ್ಲಿ. ಒಂದು ದಿನದ ಸಂಬಳ ಬಿಟ್ಟು ಯಾರು ಬರ್ತಾರೆ?"

ಹಾಗಾದರೆ ಸಭೆಯನ್ನು ಭಾನುವಾರ ಇಡಿ ಅಂತ ಪಂಚಾಯಿತಿಗೆ ಒಂದು ಅರ್ಜಿ ಬರೆಯಬೇಕು. ಪೂಜೆ ಮುಗಿಯುವ ಹೊತ್ತಿಗೆ ಎಲ್ಲ ಮೂರು ಸಾಲಿನವರೂ ಪೇಟೆಯಲ್ಲೇ ಇರುತ್ತಾರೆ, ಸಂತೆಗೆ ಬರುವ ಉಳಿದವರೂ ಸಿಗುತ್ತಾರೆ. ಅರ್ಜಿಯ ಒಕ್ಕಣೆ ನಾನು ಬರೆದು ಆಂಟಿಗೆ ವಾಟ್ಸಾಪ್ ಮಾಡಿದ್ದೇನೆ. "ತಮ್ಮಲ್ಲಿ ಕೇಳಿಕೊಳ್ಳುತ್ತೇವೆ" ಒಂದೇ ಸಲ ಹಾಕಿದ್ದೇನೆ. ಸಹಿ ಅಲ್ಲಿಯವರದ್ದೇ ಆಗಬೇಕು, ನನ್ನದು ನಡೆಯುವುದಿಲ್ಲ.