ವಿಜಯನಗರದಿಂದ ವಿಸ್ಕಾನ್ಸಿನ್‌ಗೊಂದು ಶಿಕಾರಿ

ನಮ್ಮಪ್ಪನ ಶಿಕಾರಿ ಕಥೆಗಳೆಲ್ಲ 1972ಕ್ಕೆ ಬಂದು ನಿಂತುಬಿಡುತ್ತವೆ. ಆ ವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಮೂಡಿಗೆರೆ ಕಡೆಯ ನಮ್ಮ ಮನೆಯಲ್ಲಿ ಕೇಪಿನ ಕೋವಿ ಅಟ್ಟ ಹತ್ತಿತು. ಈಗ ಅವರು ಬೆಂಗಳೂರಿನ ವಿಜಯನಗರದಲ್ಲಿ ನಮ್ಮ ಜೊತೆ ಇದ್ದಾರೆ. ಕೈಯಲ್ಲಿರುವ ಒಂದೇ ಆಯುಧ ಸೊಳ್ಳೆ ಬ್ಯಾಟು. ಯಾವ ಕಥೆ ಶುರು ಮಾಡಿದರೂ ಮೊದಲು "ಇದು ಎಪ್ಪತ್ತೆರಡಕ್ಕಿಂತ ಮುಂಚೆ" ಅಂತ ಸೇರಿಸುತ್ತಾರೆ, ಸಿಗರೇಟು ಪ್ಯಾಕಿನ ಮೇಲಿನ ಎಚ್ಚರಿಕೆಯ ಹಾಗೆ. ಕಾರಣ ಇದೆ. ನಮ್ಮ ಕೆಳಗಿನ ಮನೆಯಲ್ಲಿರುವವರು ನಿವೃತ್ತ ಫಾರೆಸ್ಟ್ ರೇಂಜರ್.

ಇಂಥ ಮನೆಗೆ ಅಮೆರಿಕದಿಂದ ಅಕ್ಕನ ಫೋನು ಬಂತು. ಅವಳಿರುವುದು ವಿಸ್ಕಾನ್ಸಿನ್ ರಾಜ್ಯದಲ್ಲಿ. ಹನ್ನೆರಡು ವರ್ಷದ ಮಗನನ್ನು ಪಕ್ಕದ ಮನೆಯ ಅಮೆರಿಕನ್ ಅಜ್ಜ ಜಿಂಕೆ ಬೇಟೆಗೆ ಕರೆದಿದ್ದಾನಂತೆ. ಕಳಿಸಲಾ ಬೇಡವಾ ಅಂತ ಅವಳ ಪ್ರಶ್ನೆ. ಅಪ್ಪನ ಬೆನ್ನು ಅಲ್ಲೇ ನೆಟ್ಟಗಾಯಿತು.

"ಕಳಿಸು. ನಾನು ಹೇಳಿಕೊಡ್ತೀನಿ."

ಅಲ್ಲಿನ ಕಾನೂನು ಕೇಳಿದ ಮೇಲೆ ಅಪ್ಪನಿಗೆ ಸ್ವಲ್ಪ ಬೇಜಾರಾಯಿತು. ತರಬೇತಿ ಮುಗಿಸದ ಹುಡುಗರು ಬೇಟೆಗೆ ಹೋದರೆ ಗುರುವಾದವನು ಕೈಗೆಟುಕುವಷ್ಟು ಹತ್ತಿರದಲ್ಲೇ ಇರಬೇಕಂತೆ. ವಿಜಯನಗರದಿಂದ ಯಾರ ಕೈ ಅಷ್ಟು ದೂರ ಎಟುಕುತ್ತದೆ? "ಅವನು ಅಲ್ಲಿ ಕೂತಿರಲಿ. ವಿದ್ಯೆ ಇಲ್ಲಿಂದ ಹೋಗುತ್ತೆ" ಅಂದರು.

ಮುಂದಿನ ತೊಡಕು ಶನಿವಾರದ್ದು. ಅಲ್ಲಿ ಕೋವಿ ಬೇಟೆಯ ಸೀಸನ್ ಇರುವುದು ಒಂಬತ್ತು ದಿನ. ನವೆಂಬರಿನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರ ಶುರು. ನಮ್ಮ ಮನೆಯಲ್ಲೋ ಶನಿವಾರ ಮೊಟ್ಟೆ ಕೂಡ ಒಲೆ ಹತ್ತಲ್ಲ. ನನ್ನ ಹೆಂಡತಿ ಖಡಾಖಂಡಿತವಾಗಿ ಹೇಳಿದಳು: "ಮಾವ, ಶನಿವಾರ ದೀಪ ಹಚ್ಚೋ ಹೊತ್ತಲ್ಲಿ ನಮ್ಮ ಹಾಲಲ್ಲಿ ಹೊಡಿ ಬಡಿ ಅನ್ನೋ ಹಾಗಿಲ್ಲ." ದೀಪ ಹಚ್ಚುವ ಹೊತ್ತು ಯಾಕೆಂದರೆ, ಆಗ ಅವರಿಗೂ ನಮಗೂ ಹನ್ನೊಂದೂವರೆ ಗಂಟೆ ವ್ಯತ್ಯಾಸ. ಅಲ್ಲಿ ಸೂರ್ಯ ಹುಟ್ಟುವ ಅರ್ಧ ಗಂಟೆ ಮುಂಚೆ ಗುಂಡು ಹಾರಿಸಲು ಅನುಮತಿ. ಅಂದರೆ ನಮಗೆ ಸರಿಯಾಗಿ ಸಂಜೆ ಆರರ ಆಸುಪಾಸು. ಕೊನೆಗೆ ರಾಜಿಯಾಯಿತು. ಹೊಡೆಯುವುದು ಶನಿವಾರ, ತಿನ್ನುವುದು ಭಾನುವಾರ. ಅಮೆರಿಕದಲ್ಲಿರುವ ಜಿಂಕೆಯನ್ನು ಯಾವ ವಾರ ತಿನ್ನಬೇಕು ಅಂತ ವಿಜಯನಗರದಲ್ಲಿ ಪಂಚಾಯಿತಿ!

ಪಾಠ ಮಾತ್ರ ಚೆನ್ನಾಗಿಯೇ ನಡೆಯಿತು. ಗಾಳಿ ಜಿಂಕೆ ಕಡೆಯಿಂದ ನಮ್ಮ ಕಡೆ ಬೀಸುತ್ತಿರಬೇಕು, ಅದರ ಮೂಗಿನ ಮುಂದೆ ನಮ್ಮ ಬುದ್ಧಿವಂತಿಕೆ ಏನೂ ನಡೆಯಲ್ಲ ಅಂತ ಅಪ್ಪ ಹೇಳಿದರು. ಒಂದು ಚಿಟಿಕೆ ಬೂದಿ ಹಾರಿಸಿ ನೋಡು ಅಂದರು. ಅಲ್ಲಿನ ಅಜ್ಜನೂ ಪುಟ್ಟ ಬಾಟಲಿಯಿಂದ ಪುಡಿ ಹಾರಿಸಿ ಅದನ್ನೇ ತೋರಿಸಿದನಂತೆ. ಅಪ್ಪನಿಗೆ ಅವನ ಮೇಲೆ ಗೌರವ ಮೂಡಿದ್ದು ಆಗಲೇ. ಆದರೆ ಬೆಳಿಗ್ಗೆ ಚಳಿ ಅಂತ ಅಕ್ಕ ಮಗನ ತಲೆಗೆ ಕೊಬ್ಬರಿ ಎಣ್ಣೆ ತಟ್ಟಿ, ಡಬ್ಬಿಗೆ ಇಂಗಿನ ಒಗ್ಗರಣೆಯ ಚಿತ್ರಾನ್ನ ತುಂಬಿ ಕಳಿಸಿದ್ದಳು. ಅದನ್ನು ಕೇಳಿ ಅಪ್ಪ ಹಣೆ ಚಚ್ಚಿಕೊಂಡರು. "ಇಂಗಾ? ಇನ್ನು ಜಿಂಕೆ ಪಕ್ಕದ ರಾಜ್ಯಕ್ಕೆ ಹೋಗಿರುತ್ತೆ!"

ಬಟ್ಟೆ ವಿಷಯದಲ್ಲೂ ಅವರಿಗೆ ಸಮಾಧಾನವಿಲ್ಲ. ಹುಡುಗ ತಲೆಯಿಂದ ಸೊಂಟದವರೆಗೆ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದಲ್ಲಿದ್ದ. "ಬೇಟೆಗೆ ಹೊರಟಿದ್ದಾನೋ ಮಠಕ್ಕೋ?" ಅಂದರು. ಇನ್ನೊಬ್ಬ ಬೇಟೆಗಾರ ತಪ್ಪಿ ಇವನಿಗೇ ಗುರಿಯಿಡಬಾರದು ಅಂತ ಅಲ್ಲಿ ಆ ಕಿತ್ತಳೆ ಇಲ್ಲವೇ ಅಷ್ಟೇ ಕಣ್ಣು ಕುಕ್ಕುವ ಗುಲಾಬಿ ಬಣ್ಣ ಕಡ್ಡಾಯ. ಜಿಂಕೆ ಕಣ್ಣಿಗೆ ಕಿತ್ತಳೆ, ಕೆಂಪು ನಮಗೆ ಕಂಡಂತೆ ಕಾಣಲ್ಲ, ನೀಲಿ ಚೆನ್ನಾಗಿ ಕಾಣುತ್ತೆ. ಇದನ್ನು ನಾನು ಹೇಳಿದಾಗ ಅಪ್ಪ ತಮ್ಮ ಹಳೆಯ ನೀಲಿ ಲುಂಗಿಯ ದಿನಗಳನ್ನು ನೆನೆದು ಬಹಳ ಹೊತ್ತು ಸುಮ್ಮನಾದರು.

ಆ ಶನಿವಾರ ಹುಡುಗ ಕಾಡಿನಲ್ಲಿ ಬೆಳಗಾಗುವುದನ್ನು ತೋರಿಸುತ್ತೇನೆಂದು ವಿಡಿಯೋ ಕಾಲ್ ಮಾಡಿದ. ತೋರಿಸಿದ. ಫೋನನ್ನು ಕಟ್ ಮಾಡದೆ ಜೇಬಿಗಿಟ್ಟ. ನಮಗೆ ಕಂಡದ್ದು ಬರೀ ಕತ್ತಲು, ಕೇಳಿಸಿದ್ದು ಎರಡು ಉಸಿರು. ಅಪ್ಪ ಸೋಫಾದಲ್ಲಿ ಕದಲದೆ ಕೂತರು. ನಾವೂ ಫ್ಯಾನ್ ಆರಿಸಿ ಕೂತೆವು. ಆ ಕಡೆ ಅಜ್ಜ ಏನೋ ಪಿಸುಗುಟ್ಟಿದ. ಜಿಂಕೆ ಬಂದಿರಬೇಕು! ಅಷ್ಟರಲ್ಲಿ ನಮ್ಮ ಅಡುಗೆಮನೆಯಲ್ಲಿ ಬೇಳೆಗೆ ಇಟ್ಟಿದ್ದ ಕುಕ್ಕರು ಉದ್ದನೆಯ ವಿಷಲ್ ಹಾಕಿತು.

ಬಾಲ ಎತ್ತಿ, ಅದರ ಅಡಿಯ ಬಿಳಿಯನ್ನು ಬಾವುಟದಂತೆ ತೋರಿಸುತ್ತಾ ಜಿಂಕೆ ಓಡಿಹೋಯಿತಂತೆ. ಆ ಜಾತಿಯ ಹೆಸರೇ ಬಿಳಿಬಾಲದ ಜಿಂಕೆ. ಇಲ್ಲಿ ರೈಲು ಹಳಿ ಎಲ್ಲಿದೆ ಅಂತ ಆ ಅಜ್ಜ ಹುಡುಗನನ್ನು ಕೇಳಿದನಂತೆ. ವಿಜಯನಗರದ ತೊಗರಿಬೇಳೆ ಒಂದು ಅಮೆರಿಕನ್ ಜೀವ ಉಳಿಸಿತು ಅಂತ ನನ್ನ ಹೆಂಡತಿಗೆ ಇವತ್ತಿಗೂ ಹೆಮ್ಮೆ.

ಆದರೆ ಹೊತ್ತೇರುವ ಮುಂಚೆ ಇನ್ನೊಂದು ಬಂತು. ಫೋನು ಆಗಲೂ ಜೇಬಿನಲ್ಲೇ ಇತ್ತು, ಇನ್ನೂ ಕಟ್ ಆಗಿರಲಿಲ್ಲ. ಈ ಕಾಲದ ಮಕ್ಕಳ ಬ್ಯಾಟರಿಯನ್ನು ಮೆಚ್ಚಲೇಬೇಕು. ಅಪ್ಪ ತಡೆಯಲಾರದೆ ಬಾಲ್ಕನಿಗೆ ಹೋಗಿ, ಕಿವಿ ಮಂದ ಇರುವವರ ಗಟ್ಟಿ ದನಿಯಲ್ಲಿ ತಮ್ಮಷ್ಟಕ್ಕೆ ಹೇಳಿಕೊಳ್ಳತೊಡಗಿದರು. "ಮುಂಗಾಲಿನ ಹಿಂದೆ ಹೊಡಿ ಮಗಾ! ಅಡ್ಡ ನಿಲ್ಲೋವರೆಗೂ ಕಾಯಿ!" ಎರಡು ನಿಮಿಷಕ್ಕೆ ಕರೆಗಂಟೆ ಬಾರಿಸಿತು. ಬಾಗಿಲಲ್ಲಿ ರೇಂಜರ್ ಸಾಹೇಬರು, ಬನಿಯನ್ನಿನಲ್ಲಿ.

"ಗೌಡ್ರೇ, ಏನು ಹೊಡೀತಿದೀರಿ?"

ಅದೇ ಕ್ಷಣ ಫೋನಿನಿಂದ ಢಂ ಅಂತ ಸದ್ದು ಬಂತು. ಅಪ್ಪ ಎರಡೂ ಕೈ ಮೇಲೆತ್ತಿದರು.

ವಿಷಯ ಬಿಡಿಸಿ ಹೇಳುವಷ್ಟರಲ್ಲಿ ಕಾಫಿ ತಣ್ಣಗಾಗಿತ್ತು. ಒಮ್ಮೆ ಅರ್ಥವಾದ ಮೇಲೆ ಸಾಹೇಬರೇ ಕುರ್ಚಿ ಎಳೆದುಕೊಂಡರು. ಗುಂಡು ತಗಲಿದ ಕೂಡಲೇ ಹಿಂದೆ ಓಡಬಾರದು, ಅರ್ಧ ಗಂಟೆಯಾದರೂ ಕಾಯಬೇಕು, ಇಲ್ಲದಿದ್ದರೆ ಗಾಯವಾದ ಪ್ರಾಣಿ ಇನ್ನೂ ದೂರ ಹೋಗುತ್ತೆ ಅಂತ ಅಪ್ಪ ಹೇಳಿದಾಗ ಅವರು ತಲೆಯಾಡಿಸಿದರು. ಅಲ್ಲಿನ ಅಜ್ಜನೂ ಹುಡುಗನನ್ನು ಹಾಗೇ ಕೂರಿಸಿದ್ದ. ಅರ್ಧ ಗಂಟೆ ಕಳೆದು ರಕ್ತದ ಜಾಡು ಹಿಡಿದು ಹೋದರು. ಸಿಕ್ಕಿತು. ಹೊಟ್ಟೆ ಬಗೆದು ಕರುಳು ತೆಗೆಯುವಾಗ ಹುಡುಗನ ಮುಖ ಬಿಳುಚಿತ್ತು, ಚಿತ್ರಾನ್ನ ಡಬ್ಬಿಯಲ್ಲೇ ಉಳಿಯಿತು. ಜೀವ ತೆಗೆದವನು ಅಷ್ಟನ್ನಾದರೂ ನೋಡಲೇಬೇಕು ಅಂತ ನನಗೂ ಅನಿಸುತ್ತದೆ.

ಅಪ್ಪನಿಗೆ ನಂಬಲಾಗದ ಮಾತು ಬಂದದ್ದು ಆಮೇಲೆ. ಹೊಡೆದ ಜಿಂಕೆಯನ್ನು ಮರುದಿನ ಸಂಜೆ ಐದರೊಳಗೆ ಸರ್ಕಾರಕ್ಕೆ ತಿಳಿಸಿ ನೋಂದಾಯಿಸಬೇಕು. ಫೋನಿನಲ್ಲೇ ಆಗುತ್ತೆ.

"ಹೊಡೆದವನೇ ಫಾರೆಸ್ಟಿನವರಿಗೆ ಫೋನ್ ಮಾಡಿ ಹೇಳೋದಾ?"

ರೇಂಜರ್ ಸಾಹೇಬರು ಇಷ್ಟು ಸಂತೋಷಪಟ್ಟದ್ದನ್ನು ನಾನು ನೋಡಿರಲಿಲ್ಲ. "ನನ್ನ ಸರ್ವೀಸಿನಲ್ಲಿ ಅಂಥ ಒಂದು ಫೋನೂ ಬರಲಿಲ್ಲ ಗೌಡ್ರೇ" ಅಂದರು. ಆ ರಾಜ್ಯದ ಜಿಂಕೆಗಳಲ್ಲಿ 2002ರಿಂದ ಮಿದುಳನ್ನು ಹಾಳುಮಾಡುವ ಒಂದು ಕಾಯಿಲೆ ಕಾಣಿಸಿಕೊಂಡಿದೆ. ಅದಕ್ಕೆ ಮಾಂಸ ತಿನ್ನುವ ಮೊದಲು ಪರೀಕ್ಷೆ ಮಾಡಿಸುವುದು ಒಳ್ಳೆಯದು. ಹೀಗಾಗಿ ನಮ್ಮ ಪಂಚಾಯಿತಿಯ ಭಾನುವಾರದ ತೀರ್ಪು ಬಿದ್ದುಹೋಯಿತು. ಜಿಂಕೆ ಫ್ರೀಜರ್ ಸೇರಿತು. ವರದಿ ಬಂದ ಮೇಲೆ ಅಕ್ಕ ಸಾರು ಮಾಡಿ, ಅಕ್ಕಿ ಕಡುಬಿನ ಜೊತೆ ಫೋಟೋ ಕಳಿಸಿದಳು. ಕೊಬ್ಬೇ ಇಲ್ಲದ ಮಾಂಸ, ಸಣ್ಣ ಉರಿಯಲ್ಲಿ ಬೇಯಿಸು ಅಂತ ಅಪ್ಪ ಮೂರು ಸಲ ವಾಯ್ಸ್ ಮೆಸೇಜು ಬಿಟ್ಟಿದ್ದರು. ಅಮೆರಿಕನ್ ಅಜ್ಜ ಕಡುಬನ್ನು ಎರಡನೇ ಸಲ ಹಾಕಿಸಿಕೊಂಡನಂತೆ.

ಹುಡುಗ ಹೊಡೆದದ್ದು ಹೆಣ್ಣು ಜಿಂಕೆ. ಅಲ್ಲಿ ಹಿಂಡು ಜಾಸ್ತಿಯಾಗಬಾರದೆಂದು ಅದಕ್ಕೆ ಬೇರೆ ಪರವಾನಗಿಯನ್ನೇ ಕೊಡುತ್ತಾರೆ. ಅಪ್ಪನಿಗೆ ಇದು ಮಾತ್ರ ಹಿಡಿಸಲಿಲ್ಲ. ಆದ್ದರಿಂದ ಪಾರ್ಕಿನ ಬೆಂಚಿನಲ್ಲಿ ಕಥೆ ಹೇಳುವಾಗ ಅದಕ್ಕೆ ಕೊಂಬು ಬಂತು. ಮುಂದಿನ ವಾರಕ್ಕೆ ಕೊಂಬಿಗೆ ಕವಲು ಒಡೆಯಿತು. ಮೊನ್ನೆ ಎಂಟು ಕವಲಾಗಿತ್ತು. ಪಕ್ಕದಲ್ಲೇ ಕೂತಿದ್ದ ರೇಂಜರ್ ಸಾಹೇಬರು ನನ್ನ ಮುಖ ನೋಡಿದರು, ಗಂಟಲು ಸರಿಮಾಡಿಕೊಂಡರು. ಆಮೇಲೆ ಬೆಂಚಿನವರ ಕಡೆ ತಿರುಗಿ, "ಹತ್ತು ಅಂತ ನೆನಪು ಗೌಡ್ರೇ" ಅಂದರು.